ಫ್ರೀಬಿಎಸ್‌ಡಿ ಹಾಕುವಾಗ ಎರರ್ 19, ವೈಫೈ ಬೇರೆ ಕಾಣ್ತಿಲ್ಲ: ಹಾಕಿದವರು ಅನುಭವ ಹೇಳಿ

ಕಾರ್ಕಳದ ಹುಡುಗ
ಎಲ್ಲರಿಗೂ ನಮಸ್ಕಾರ. ಅಣ್ಣನ ಹಳೇ ಲ್ಯಾಪ್‌ಟಾಪ್ ಈಗ ನನ್ನದಾಗಿದೆ. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11. ವಿಂಡೋಸ್ ಹಾಗೇ ಇಟ್ಟುಕೊಂಡು ಪಕ್ಕದಲ್ಲಿ ಫ್ರೀಬಿಎಸ್‌ಡಿ 14.3 ಅನ್ನೋ ಉಚಿತ ಓಎಸ್ (ಆಪರೇಟಿಂಗ್ ಸಿಸ್ಟಂ) ಹಾಕಬೇಕು. 120 ಜಿಬಿ ಜಾಗ ಬಿಡಿಸಿ ಇಟ್ಟಿದ್ದೀನಿ. ಪೆನ್‌ಡ್ರೈವ್‌ನಿಂದ ಶುರುವಾಗುತ್ತೆ, ಅಕ್ಷರಗಳು ಸಾಲು ಸಾಲಾಗಿ ಓಡುತ್ತವೆ, ಕೊನೆಗೆ 'ಮೌಂಟಿಂಗ್ ಫ್ರಮ್' ಅಂತ ಏನೋ ಉದ್ದ ಬಂದು 'ಫೇಲ್ಡ್ ವಿತ್ ಎರರ್ 19' ಅಂತ ನಿಲ್ಲುತ್ತೆ. ಕೆಳಗೆ ಕಮಾಂಡ್ ಕೇಳೋ ಮೌಂಟ್‌ರೂಟ್ ಅನ್ನೋ ಪ್ರಾಂಪ್ಟ್. ಅಲ್ಲಿ ಕೀಬೋರ್ಡ್ ಕೂಡ ಕೆಲಸ ಮಾಡಲ್ಲ. ಇನ್ನೊಂದು, ವೈಫೈ ಚಿಪ್ ರಿಯಲ್‌ಟೆಕ್ 8821ಸಿಇ. ಅದು ನಡೆಯುತ್ತಾ? ನಿಮಗೆ ಹೇಗಾಯ್ತು ಹೇಳಿ.

ಹಳೇ ಅಡ್ಮಿನ್, ಬೆಂಗಳೂರು
ಒಳ್ಳೇ ಕೆಲಸ ಮಾಡ್ತಿದ್ದೀಯ ತಮ್ಮಾ. ನಾನು ಫ್ರೀಬಿಎಸ್‌ಡಿ 4 ಇದ್ದ ಕಾಲದಿಂದ ಬಳಸ್ತಾ ಇದ್ದೀನಿ. ಆಗ ನಾವು ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಇದ್ದೆವು, ಮೇಲ್ ಸರ್ವರ್ ಪೂರ್ತಿ ಇದರ ಮೇಲೇ. ವರ್ಷ ಕಳೆದರೂ ರೀಬೂಟ್ ಅನ್ನೋ ಮಾತಿರಲಿಲ್ಲ. ಈಗ ಮನೆಯಲ್ಲಿ ಸ್ಟೋರೇಜ್ ಡಬ್ಬಿ ಮಾಡಿಕೊಂಡಿದ್ದೀನಿ, 4 ಟಿಬಿ ಡಿಸ್ಕ್ ನಾಲ್ಕು, ರೇಡ್-ಝಡ್1, ಅಂದರೆ ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯೋ ಜೋಡಣೆ. ಡಿಸ್ಕ್ ಒಂದಕ್ಕೆ 9,200 ರೂಪಾಯಿ ಕೊಟ್ಟೆ, ಹಳೇ ಸರ್ವರ್ ಬೋರ್ಡ್ 6,500, ಇಸಿಸಿ ರ‍್ಯಾಮ್ 16 ಜಿಬಿ 4,800, ಯುಪಿಎಸ್ ಬೇರೆ. ಒಂದು ಡಿಸ್ಕ್ ಕೆಟ್ಟಿತು. ಹೊಸದು ತಂದು ಹಾಕಿದರೆ ರೀಸಿಲ್ವರ್ (ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬೋದು) ಮುಗಿಯೋದೇ ಇಲ್ಲ, ದಿನಗಟ್ಟಲೆ ಓಡುತ್ತೆ, ನಡುವೆ ಎರರ್ ಕೊಟ್ಟು ಕೂರುತ್ತೆ. ಆಮೇಲೆ ಗೊತ್ತಾಯ್ತು, ಅದು ಎಸ್‌ಎಂಆರ್ ಡಿಸ್ಕ್. ಟ್ರ್ಯಾಕ್ ಮೇಲೆ ಟ್ರ್ಯಾಕ್ ಒತ್ತಿ ಬರೆಯೋ ಜಾತಿ, ನಾನು ಬಳಸೋ ಝಡ್‌ಎಫ್‌ಎಸ್ ಫೈಲ್‌ಸಿಸ್ಟಂಗೆ ಆಗಿಬರಲ್ಲ. ಡಬ್ಬಿ ಮೇಲೆ ಒಂದು ಅಕ್ಷರ ಬರೆದಿರಲಿಲ್ಲ. ಅಂಗಡಿಯವನು ಸೀಲ್ ಒಡೆದಿದ್ದು ವಾಪಸ್ ತಗೊಳ್ಳಲ್ಲ ಅಂದ. ಹಾಗೆ ಒತ್ತಿ ಬರೆಯದ, ಅದೇ ಅಳತೆಯ ಸಿಎಂಆರ್ ಡಿಸ್ಕಿಗೆ ಮತ್ತೆ 11,400. ಆದರೆ ಇಷ್ಟೆಲ್ಲ ಆದರೂ ಒಂದೇ ಒಂದು ಫೈಲ್ ಹೋಗಲಿಲ್ಲ. ಅದು ಝಡ್‌ಎಫ್‌ಎಸ್. ನೀನೂ ಇನ್‌ಸ್ಟಾಲರ್‌ನಲ್ಲಿ ಆಟೋ ಝಡ್‌ಎಫ್‌ಎಸ್ ಒತ್ತು, ಬೇರೆ ಯೋಚನೆ ಬೇಡ.

ಮಲೆನಾಡ ಟೀಚರ್
ಅಡ್ಮಿನ್ ಸಾರ್, ಆ ಕೊನೇ ಸಾಲು ದಯವಿಟ್ಟು ತೆಗೀರಿ. ಹುಡುಗ ವಿಂಡೋಸ್ ಉಳಿಯಬೇಕು ಅಂತ ಮೊದಲೇ ಬರೆದಿದ್ದಾನೆ. ಆಟೋ ಝಡ್‌ಎಫ್‌ಎಸ್ ಇಡೀ ಡಿಸ್ಕನ್ನೇ ತಗೊಳ್ಳುತ್ತೆ. ಪಾರ್ಟಿಷನ್ ಕೇಳಲ್ಲ, ಡಿಸ್ಕ್ ಯಾವುದು ಅಂತ ಮಾತ್ರ ಕೇಳುತ್ತೆ.

ನನಗೆ ಆಗಿದ್ದು ಇದೇ. ನಿಮ್ಮ ಹಾಗೇ ಒಬ್ಬರು ದೊಡ್ಡವರು, ಇಪ್ಪತ್ತು ವರ್ಷದ ಅನುಭವ ಅಂತ ಹೇಳಿಕೊಂಡವರು, 'ಆಟೋ ಒತ್ತಿ ಮೇಡಂ, ಅದೇ ನೋಡಿಕೊಳ್ಳುತ್ತೆ' ಅಂದರು. ಅದು ನೋಡಿಕೊಂಡಿತು. ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆಗಳು, ಅಪ್ಪ ತೀರಿಹೋಗೋ ಮುಂಚಿನ ವಿಡಿಯೋಗಳು, ಎಲ್ಲ ಹೋಯ್ತು. ಶಿವಮೊಗ್ಗದಲ್ಲಿ ಒಬ್ಬರು ನೋಡ್ತೀನಿ ಅಂತ 1,500 ಅಡ್ವಾನ್ಸ್ ಇಸಕೊಂಡು ಒಂದು ವಾರ ಇಟ್ಟುಕೊಂಡು ಆಗಲ್ಲ ಅಂದರು. ಬೆಂಗಳೂರಿಗೆ ಕಳಿಸಿದೆ. ಕೊರಿಯರ್ 380. ಅಲ್ಲಿ ಬರೀ ನೋಡೋಕೆ 2,000, ತೆಗೆದರೆ 18,000 ಅಂದರು. ಎಸ್‌ಎಸ್‌ಡಿ ಆಗಿದ್ದರಿಂದ ಟ್ರಿಮ್ ಆಗಿಬಿಟ್ಟಿದೆ (ಅಳಿಸಿದ ಜಾಗವನ್ನ ಡಿಸ್ಕೇ ಖಾಲಿ ಮಾಡಿಬಿಟ್ಟಿದೆ), ಏನೂ ಸಿಗಲ್ಲ ಅಂತ ಕೊನೆಗೆ ವಾಪಸ್ ಕಳಿಸಿದರು. ಆ 2,000 ಅವರು ಇಟ್ಟುಕೊಂಡರು. ಪರದೆಯಲ್ಲಿ ಒಂದು ಎಚ್ಚರಿಕೆ ಬರುತ್ತೆ ನಿಜ. ಅದರಲ್ಲಿ 'ಎನ್‌ಡಿಎ0' ಅಂತ ಡಿಸ್ಕಿನ ಹೆಸರು ಇರುತ್ತೆ, 'ನಿಮ್ಮ ವಿಂಡೋಸ್' ಅಂತ ಇರಲ್ಲ. ಹೊಸಬರಿಗೆ ಎನ್‌ಡಿಎ0 ಅಂದರೆ ಏನು ಗೊತ್ತು?

ಹುಡುಗಾ, ಇನ್ನೊಂದು ಫೈಲ್‌ಸಿಸ್ಟಂ ಇದೆ, ಆಟೋ ಯುಎಫ್‌ಎಸ್ ತಗೋ. ಅದು 'ಎಂಟೈರ್ ಡಿಸ್ಕ್' ಬೇಕಾ 'ಪಾರ್ಟಿಷನ್' ಬೇಕಾ ಅಂತ ಕೇಳುತ್ತೆ. ಪಾರ್ಟಿಷನ್ ಅನ್ನು. ಖಾಲಿ ಜಾಗ ಮಾತ್ರ ಬಳಸುತ್ತೆ.

ಹಳೇ ಅಡ್ಮಿನ್, ಬೆಂಗಳೂರು
ಮೇಡಂ, ನಿಮಗೆ ಆಗಿದ್ದಕ್ಕೆ ಬೇಜಾರಿದೆ. ಆದರೆ ಬ್ಯಾಕಪ್ ಇಲ್ಲದೆ ಯಾವ ಓಎಸ್ ಹಾಕಿದರೂ ಇದೇ ಗತಿ. ಝಡ್‌ಎಫ್‌ಎಸ್‌ನ ಬೈಬೇಡಿ.

ಮಲೆನಾಡ ಟೀಚರ್
ಝಡ್‌ಎಫ್‌ಎಸ್‌ನ ಬೈತಿಲ್ಲ ಸಾರ್. ಪ್ರಶ್ನೆ ಓದದೆ ಉತ್ತರ ಕೊಡೋರನ್ನ ಬೈತಿದ್ದೀನಿ.

ಹುಬ್ಬಳ್ಳಿ ಪಫಿ
ನಾನು ನೇರವಾಗಿ ಹೇಳ್ತೀನಿ, ಇದೇ ಕುಟುಂಬದ ಇನ್ನೊಂದು ಓಎಸ್ ಓಪನ್‌ಬಿಎಸ್‌ಡಿ ಹಾಕ್ರಿ. ಇನ್‌ಸ್ಟಾಲರ್ ನಾಲ್ಕು ಪ್ರಶ್ನೆ ಕೇಳುತ್ತೆ, ಎಂಟರ್ ಒತ್ತುತ್ತಾ ಹೋದರೆ ಮುಗೀತು. ಇಡೀ ಇನ್‌ಸ್ಟಾಲರ್ ರ‍್ಯಾಮ್ ಡಿಸ್ಕ್ ಕರ್ನಲ್ (ಓಎಸ್‌ನ ತಿರುಳು) ಒಳಗೇ ಇರುತ್ತೆ, ಹಂಗಾಗಿ ಪೆನ್‌ಡ್ರೈವ್ ಹುಡುಕಿ ಮೌಂಟ್ ಮಾಡೋ ಈ ಎರರ್ 19 ಗೋಳೇ ಇಲ್ಲ. ಮೊದಲು ನಾನೂ ಫ್ರೀಬಿಎಸ್‌ಡಿಯಲ್ಲೇ ಇದ್ದೆ. 13ನೇ ಸರಣಿಯಲ್ಲಿ ಒಂದು ಅಪ್‌ಡೇಟ್ ಮಾಡಿದೆ, ಬೆಳಗ್ಗೆ ಎದ್ದು ನೋಡಿದರೆ ಕಪ್ಪು ಪರದೆ. ಡಿಆರ್‌ಎಂ ಕೆಮಾಡ್ ಅನ್ನೋ ಗ್ರಾಫಿಕ್ಸ್ ಡ್ರೈವರ್ ಪ್ಯಾಕೇಜು ಹಳೇ ಮೈನರ್ ಬಿಡುಗಡೆ ಮೇಲೆ ಕಟ್ಟಿದ್ದು, ಕರ್ನಲ್ ಹೊಸದು, ಎರಡಕ್ಕೂ ಹೊಂದಲಿಲ್ಲ, ಬೂಟ್ ಆಗ್ತಿದ್ದ ಹಾಗೇ ಪ್ಯಾನಿಕ್, ಅಂದರೆ ಕರ್ನಲ್ಲೇ ಬಿದ್ದುಹೋಗುತ್ತೆ. ಸಿಂಗಲ್ ಯೂಸರ್ ಮೋಡಿಗೆ ಹೋಗಬೇಕು, ಅಲ್ಲಿ ರೂಟ್ ರೀಡ್ ಓನ್ಲಿ ಇರುತ್ತೆ, ಅದನ್ನ ಬರೆಯೋ ಹಾಗೆ ಮಾಡಬೇಕು, ಆರ್‌ಸಿ ಡಾಟ್ ಕಾನ್ಫ್ ಫೈಲ್ ತೆರೆದು ಮಾಡ್ಯೂಲ್ ಲೋಡ್ ಮಾಡೋ ಕೆಎಲ್‌ಡಿ ಲಿಸ್ಟ್ ಸಾಲು ಅಳಿಸಬೇಕು, ಆಮೇಲೆ ಪೋರ್ಟ್ಸ್ ಅನ್ನೋ ಸಂಗ್ರಹದಿಂದ ಡ್ರೈವರ್ ಕಂಪೈಲ್ ಮಾಡಬೇಕು. ಪೋರ್ಟ್ಸ್ ಇಳಿಸೋಕೆ ನೆಟ್ ಬೇಕು, ನನ್ನ ದಿನದ 1.5 ಜಿಬಿ ಡೇಟಾ ಅದಕ್ಕೇ ಹೋಯ್ತು, ಮೇಲೆ ಟಾಪ್‌ಅಪ್ 58 ರೂಪಾಯಿ. ಆವತ್ತೇ ಬಿಟ್ಟೆ. ಓಪನ್‌ಬಿಎಸ್‌ಡಿಯಲ್ಲಿ ಗ್ರಾಫಿಕ್ಸ್ ಡ್ರೈವರ್ ಕರ್ನಲ್ ಒಳಗೇ ಬರುತ್ತೆ, ಆರು ತಿಂಗಳಿಗೊಮ್ಮೆ ಹೊಸ ಬಿಡುಗಡೆ, ಸಿಸ್‌ಅಪ್‌ಗ್ರೇಡ್ ಅಂತ ಒಂದು ಕಮಾಂಡ್ ಕೊಟ್ಟು ಚಹಾ ಕುಡಿದು ಬಂದರೆ ಆಗಿರುತ್ತೆ.

ಹಳೇ ಅಡ್ಮಿನ್, ಬೆಂಗಳೂರು
ಪಫಿ, ಕೆಮಾಡ್ ವಿಷಯ ಹಳೇದು. ಈಗ ಕರ್ನಲ್ ಮಾಡ್ಯೂಲುಗಳಿಗೇ ಬೇರೆ ರೆಪೊ (ಪ್ಯಾಕೇಜ್ ಭಂಡಾರ) ಮಾಡಿದ್ದಾರೆ. ಝಡ್‌ಎಫ್‌ಎಸ್ ಇದ್ದಿದ್ದರೆ ಲೋಡರ್ ಮೆನುವಿನಲ್ಲಿ ಹಿಂದಿನ ಬೂಟ್ ಎನ್ವಿರಾನ್‌ಮೆಂಟ್ (ಅಪ್‌ಡೇಟಿಗೆ ಮುಂಚಿನ ಸಿಸ್ಟಂ ಪ್ರತಿ) ಆರಿಸಿಕೊಂಡು ವಾಪಸ್ ಬರಬಹುದಿತ್ತು. ನಿಮ್ಮ ಓಪನ್‌ಬಿಎಸ್‌ಡಿಯ ಫೈಲ್‌ಸಿಸ್ಟಂನಲ್ಲಿ ಬರೆಯೋದರ ದಾಖಲೆ ಇಡೋ ಜರ್ನಲ್ಲೇ ಇಲ್ಲ. ಹುಬ್ಬಳ್ಳಿಯಲ್ಲಿ ಕರೆಂಟ್ ಹೋಗಲ್ವಾ? ಹೋಗಿ ಬಂದಾಗಲೆಲ್ಲ ಎಫ್‌ಎಸ್‌ಸಿಕೆ ಅನ್ನೋ ಡಿಸ್ಕ್ ತಪಾಸಣೆ ಕಾಯ್ತಾ ಕೂರಬೇಕು. ಕೆಲವು ಸಲ ಕೈಯಲ್ಲೇ ಓಡಿಸಬೇಕು.

ಹುಬ್ಬಳ್ಳಿ ಪಫಿ
ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತೆ ಸಾರ್. ನಿಮ್ಮ ಕರೆಂಟ್ ಬಿಲ್ ನಾಲ್ಕು ಡಿಸ್ಕಿಗೆ ಎಷ್ಟು ಬರುತ್ತೆ ಅದನ್ನ ಹೇಳಿ.

ಒಂಟಿಕೊಪ್ಪಲಿನವ, ಮೈಸೂರು
ಪಫಿಯವರೇ, ಹುಡುಗನ ಚಿಪ್ ಯಾವುದು ಅಂತ ನೋಡಿದಿರಾ? 8821ಸಿಇ. ಓಪನ್‌ಬಿಎಸ್‌ಡಿಯಲ್ಲಿ ಅದಕ್ಕೆ ಡ್ರೈವರೇ ಇಲ್ಲ. ಫ್ರೀಬಿಎಸ್‌ಡಿಯಲ್ಲಿ ಆರ್‌ಟಿಡಬ್ಲ್ಯು88 ಅಂತ ಒಂದು ಇದೆ.

ವೈಫೈ ಕಥೆ ನಾನು ಹೇಳ್ತೀನಿ, ಯಾಕಂದ್ರೆ ಇದರಲ್ಲಿ ಕಳಕೊಂಡ ದುಡ್ಡು ಇನ್ನೂ ಉರೀತಿದೆ. ನನ್ನದು ಎಎಂಡಿ ಪ್ರೊಸೆಸರಿನ ಲ್ಯಾಪ್‌ಟಾಪ್. ಒಳಗಿದ್ದ ಕಾರ್ಡ್ ನಡೀಲಿಲ್ಲ, ಇಂಟೆಲ್ ಕಾರ್ಡ್ ಹಾಕಿ ಅಂದರು ಎಲ್ಲರೂ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆ, ರೈಲು ಬಸ್ಸು ಊಟ ಸೇರಿ 410 ಖರ್ಚು. ಅಂಗಡಿಯವನು ಎಎಕ್ಸ್201 ಕೊಟ್ಟ, 1,350. 'ಇಂಟೆಲ್ಲೇ ಸಾರ್, ವೈಫೈ 6' ಅಂದ. ಮನೆಗೆ ಬಂದು ಸ್ಲಾಟ್‌ಗೆ ಹಾಕಿದೆ, ಸರಿಯಾಗಿ ಕೂತ್ಕೊಳ್ತು, ಸ್ಕ್ರೂ ಕೂಡ ಬಿತ್ತು. ಕಾರ್ಡುಗಳ ಪಟ್ಟಿ ತೋರಿಸೋ ಪಿಸಿಐಕಾನ್ಫ್‌ನಲ್ಲಿ ಕಾಣೋದೇ ಇಲ್ಲ. ವಿಂಡೋಸ್‌ನಲ್ಲೂ ಇಲ್ಲ. ವಿಷಯ ಏನಪ್ಪಾ ಅಂದ್ರೆ ಎಎಕ್ಸ್201 ಪೂರ್ತಿ ಕಾರ್ಡೇ ಅಲ್ಲ. ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್ ಒಳಗಡೆ ಇರುತ್ತೆ, ಸಿಎನ್‌ವಿಐ ಅಂತಾರೆ. ಎಎಂಡಿ ಬೋರ್ಡಿನಲ್ಲಿ ಅದು ಬರೀ ಒಂದು ತಗಡು. ಎಎಂಡಿಗೆ ಬೇಕಾಗಿದ್ದು ಎಎಕ್ಸ್200, ಅದು ಮಾಮೂಲು ಪಿಸಿಐ ಕಾರ್ಡು. ಒಂದೇ ಅಂಕಿ ವ್ಯತ್ಯಾಸ. ಅಂಗಡಿಯವನು ಫೋನ್ ತೆಗೀಲಿಲ್ಲ. ಆನ್‌ಲೈನ್‌ನಲ್ಲಿ ಎಎಕ್ಸ್200 ತರಿಸಿದೆ, 1,790. ಹಾಕುವಾಗ ಆಂಟೆನಾ ವೈರಿನ ತುದಿ ಕಿತ್ತು ಬಂತು, ಅದು ಸಾಸಿವೆ ಕಾಳಿನಷ್ಟು ಇರುತ್ತೆ, ಹಿಡಿಯೋಕೂ ಆಗಲ್ಲ. ಸರ್ವಿಸ್ ಸೆಂಟರ್‌ನಲ್ಲಿ ಇಡೀ ಆಂಟೆನಾ ಬದಲಾಯಿಸಬೇಕು ಅಂತ 1,100. ಇಷ್ಟೆಲ್ಲ ಆಗಿ ನೆಟ್ ಬಂತು, ಹಳೇ 802.11ಜಿ ವೇಗದಲ್ಲಿ! 2025ರ ಜೂನ್‌ನಲ್ಲಿ 14.3 ಬಂದ ಮೇಲೆ ಐಡಬ್ಲ್ಯುಎಲ್‌ವೈಫೈ ಅನ್ನೋ ಇಂಟೆಲ್ ಡ್ರೈವರ್‌ಗೆ 11ಎನ್, 11ಎಸಿ ವೇಗ ಬಂತು. ಈಗ ಪರವಾಗಿಲ್ಲ.

ಡಾಂಗಲ್ ದಾವಣಗೆರೆ
4,650 ರೂಪಾಯಿ ಸುರಿದು ಇಷ್ಟು ಹೆಮ್ಮೆನಾ? ನಾನು 499ಕ್ಕೆ ಯುಎಸ್‌ಬಿ ಡಾಂಗಲ್ ತಂದೆ, 8188ಇಯು ಚಿಪ್. ಆರ್‌ಟಿಡಬ್ಲ್ಯುಎನ್ ಡ್ರೈವರ್ ಹಿಡಿದುಕೊಳ್ತು, ಇವತ್ತಿಗೂ ಓಡ್ತಾ ಇದೆ. ಲ್ಯಾಪ್‌ಟಾಪ್ ಬಿಚ್ಚೋ ಕೆಲಸವೇ ಇಲ್ಲ.

ಒಂಟಿಕೊಪ್ಪಲಿನವ, ಮೈಸೂರು
ಹೆಮ್ಮೆ ಎಲ್ಲಿ ಪಟ್ಟೆ? ಬೇರೆಯವರು ಎಎಕ್ಸ್201 ತಗೊಂಡು ದುಡ್ಡು ಕಳಕೊಬಾರದು ಅಂತ ಬರೆದಿದ್ದೀನಿ. ನಿಮ್ಮ ಡಾಂಗಲ್ 2.4 ಗಿಗಾಹರ್ಟ್ಸ್ ಮಾತ್ರ. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕ ಮೂವತ್ತು ರೂಟರ್ ಇರೋ ಕಡೆ ಅದನ್ನ ಇಟ್ಟು ವಿಡಿಯೋ ಕಾಲ್ ಮಾಡಿ ನೋಡಿ.

ಡಾಂಗಲ್ ದಾವಣಗೆರೆ
ನಮ್ಮದು ಸ್ವಂತ ಮನೆ, ಅಕ್ಕಪಕ್ಕ ಅಡಿಕೆ ತೋಟ. ಚೆನ್ನಾಗೇ ಬರುತ್ತೆ.

ಉಡುಪಿ ನೆಟ್‌ವರ್ಕ್
ಯಾರಾದರೂ ಆ ಹುಡುಗನ ಎರರ್ ಬಗ್ಗೆ ಮಾತಾಡ್ತೀರಾ? ಇಲ್ಲಿವರೆಗೆ ಡಿಸ್ಕು, ಕಾರ್ಡು, ಡಾಂಗಲ್ ಆಯ್ತು. ಎರರ್ 19 ಅಂದರೆ ಡಿವೈಸ್ ಸಿಗಲಿಲ್ಲ ಅಂತ, ಅಷ್ಟೇ. ಕರ್ನಲ್ ಎದ್ದು ನಿಂತಿದೆ, ಆದರೆ ತಾನು ಬಂದ ಪೆನ್‌ಡ್ರೈವ್ ಎಲ್ಲಿ ಅಂತ ಅದಕ್ಕೆ ಕಾಣ್ತಿಲ್ಲ.

ನಾನು ಇದನ್ನ ಚೆನ್ನಾಗಿ ಅನುಭವಿಸಿದ್ದೀನಿ. ಒಂದು ಶಾಲೆಗೆ ಪಿಎಫ್‌ಸೆನ್ಸ್ ಫೈರ್‌ವಾಲ್ ಹಾಕೋ ಕೆಲಸ ಒಪ್ಪಿಕೊಂಡಿದ್ದೆ, ಅದೂ ಫ್ರೀಬಿಎಸ್‌ಡಿ ಮೇಲೇ ನಿಂತಿರೋದು. ಮಿನಿ ಪಿಸಿ 14,500ಕ್ಕೆ ತರಿಸಿದೆ. ಹೆಡ್‌ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರು, ಕಂಪ್ಯೂಟರ್ ಲ್ಯಾಬ್ ಮಕ್ಕಳು ಕಿಟಕಿಯಲ್ಲಿ. ಮೌಂಟ್‌ರೂಟ್‌ನಲ್ಲಿ ನಿಂತುಬಿಡ್ತು. ಕೀಬೋರ್ಡ್ ಸತ್ತಂತಿದೆ. ಹೊಸ ಪೆನ್‌ಡ್ರೈವ್ ತಂದೆ 650, ಇನ್ನೊಂದು ಕಂಪನಿಯದು 720, ಎರಡರಲ್ಲೂ ಅದೇ. ಮೆಮೊರಿ ಬದಲಾಯಿಸಿದೆ. ಮಿನಿ ಪಿಸಿನೇ ಕೆಟ್ಟಿದೆ ಅಂತ ವಾಪಸ್ ಕಳಿಸೋಕೆ ಪ್ಯಾಕ್ ಕೂಡ ಮಾಡಿದ್ದೆ. ಕೊನೆಗೆ ಕಾರಣ ಸಿಕ್ತು. ಆ ಬೋರ್ಡಿನ ಯುಎಸ್‌ಬಿ ಕಂಟ್ರೋಲರ್ ಏಳೋದು ನಿಧಾನ. ಪೆನ್‌ಡ್ರೈವ್ ತನ್ನ ಹೆಸರು ಹೇಳೋ ಮುಂಚೆಯೇ ಕರ್ನಲ್ ರೂಟ್ ಮೌಂಟ್ ಮಾಡೋಕೆ ಹೋಗಿ ಸೋಲುತ್ತೆ. ಕೀಬೋರ್ಡ್ ಕೂಡ ಅದೇ ಯುಎಸ್‌ಬಿಯದ್ದೇ ಅಲ್ವಾ, ಹಾಗಾಗಿ ಅದೂ ಸತ್ತಂತೆ ಕಾಣುತ್ತೆ.

ಈಗ ಹುಡುಗಾ, ಎರರ್ ಸಾಲು ಪೂರ್ತಿ ಓದು. 'ಏನೋ ಉದ್ದ ಬಂದು' ಅಂತ ಬರೆದಿದ್ದೀಯಲ್ಲ, ಆ ಉದ್ದದಲ್ಲೇ ಉತ್ತರ ಇದೆ. 'ಯುಎಫ್‌ಎಸ್' ಅಂತ ಶುರುವಾಗಿದ್ದರೆ ನೀನು ಪೆನ್‌ಡ್ರೈವಿಗೇ ಮಾಡಿದ ಮೆಮ್‌ಸ್ಟಿಕ್ ಇಮೇಜ್ ಬರೆದಿದ್ದೀಯ, ಆಗ ಇದು ನಿಧಾನದ ತೊಂದರೆ. ಲೋಡರ್ ಮೆನುವಿನಲ್ಲಿ 3 ಒತ್ತಿ ಪ್ರಾಂಪ್ಟಿಗೆ ಹೋಗು, ಸೆಟ್ ಅಂತ ಹಾಕಿ ಕರ್ನ್ ಕ್ಯಾಮ್ ಬೂಟ್ ಡಿಲೇ 10000 ಅಂತ ಕೊಡು, ಮಿಲಿಸೆಕೆಂಡ್ ಅದು, ಆಮೇಲೆ ಬೂಟ್. ಪೆನ್‌ಡ್ರೈವನ್ನ ಯುಎಸ್‌ಬಿ 2 ಪೋರ್ಟಿಗೆ ಹಾಕಿ ನೋಡು. 'ಸಿಡಿ9660' ಅಂತ ಇದ್ದರೆ ನೀನು ಡಿವಿಡಿ ಐಎಸ್‌ಓನ ಪೆನ್‌ಡ್ರೈವಿಗೆ ಹಾಕಿದ್ದೀಯ. ಅದಕ್ಕೆ ಎಷ್ಟು ಡಿಲೇ ಕೊಟ್ಟರೂ ಉಪಯೋಗ ಇಲ್ಲ. ಮೆಮ್‌ಸ್ಟಿಕ್ ಅಂತ ಹೆಸರಿರೋ ಇಮೇಜ್ ಇಳಿಸು, ರೂಫಸ್ ಅನ್ನೋ ವಿಂಡೋಸ್ ತಂತ್ರಾಂಶದಲ್ಲಿ ಡಿಡಿ ಮೋಡ್‌ನಲ್ಲಿ (ಇಮೇಜನ್ನ ಇದ್ದ ಹಾಗೇ) ಬರಿ.

ಕಾರ್ಕಳದ ಹುಡುಗ
ಫೋಟೋ ತೆಗೆದಿದ್ದೆ, ಈಗ ನೋಡಿದೆ. ಸಿಡಿ9660 ಅಂತಲೇ ಇದೆ. ಒಂದೇ ಪೆನ್‌ಡ್ರೈವಿನಲ್ಲಿ ಹಲವು ಐಎಸ್‌ಓ ಇಡೋ ವೆಂಟಾಯ್‌ನಲ್ಲಿ ಡಿವಿಡಿ ಐಎಸ್‌ಓ ಹಾಕಿದ್ದೆ ಅಣ್ಣಾ.

ಬೂಟ್ ಬಂಗಾರಪೇಟೆ
ವೆಂಟಾಯ್ ಚೆನ್ನಾಗೇ ನಡೆಯುತ್ತೆ. ನಾನು ಒಂದೇ ಪೆನ್‌ಡ್ರೈವಿನಲ್ಲಿ ಒಂಬತ್ತು ಓಎಸ್ ಇಟ್ಟುಕೊಂಡಿದ್ದೀನಿ, ಫ್ರೀಬಿಎಸ್‌ಡಿ ಐಎಸ್‌ಓ ಕೂಡ ಬೂಟ್ ಆಗಿದೆ. ಸುಮ್ನೆ ವೆಂಟಾಯ್ ಮೇಲೆ ಹಾಕಬೇಡಿ.

ಉಡುಪಿ ನೆಟ್‌ವರ್ಕ್
ನಿಮ್ಮ ಒಂದು ಮೆಷಿನ್‌ನಲ್ಲಿ ಆಗಿರಬಹುದು ಮಾರಾಯ್ರೆ. ಅದು ಐಎಸ್‌ಓ ಒಳಗಿನ ವ್ಯವಸ್ಥೆಯನ್ನ ಮೋಸಗೊಳಿಸಿ ಬೂಟ್ ಮಾಡಿಸೋ ಉಪಾಯ. ಲಿನಕ್ಸಿಗೆ ಚೆನ್ನಾಗಿ ಹೊಂದುತ್ತೆ. ಇಲ್ಲಿ ತೊಂದರೆ ಬಂದಾಗ ಮೊದಲು ತೆಗೆದು ಹಾಕಬೇಕಾದ್ದು ಅದನ್ನೇ. ಹುಡುಗನ ಹತ್ತಿರ ಇರೋದು ಒಂದು ಪೆನ್‌ಡ್ರೈವ್, ಹಾಕಬೇಕಿರೋದು ಒಂದು ಓಎಸ್. ನೇರವಾಗಿ ಬರೆದರೆ ಏನು ನಷ್ಟ?

ಬೂಟ್ ಬಂಗಾರಪೇಟೆ
ಆಗಲ್ಲ ಅಂತ ಸಾರಾಸಗಟಾಗಿ ಹೇಳೋದು ತಪ್ಪು ಅಂತಷ್ಟೇ ನನ್ನ ವಾದ. ನನಗೆ ಆಗಿದೆ.

ಕಲಬುರಗಿ ಬಿಸಿಲು
ಎಲ್ಲರೂ ಬಿಟ್ಟಿದ್ದು ಒಂದು ಇದೆ. ಬಿಟ್‌ಲಾಕರ್, ವಿಂಡೋಸ್ ಡಿಸ್ಕಿಗೆ ಹಾಕೋ ಬೀಗ. ಫ್ರೀಬಿಎಸ್‌ಡಿಗೆ ಸೆಕ್ಯೂರ್ ಬೂಟ್ (ಸಹಿ ಇರೋ ಓಎಸ್ ಮಾತ್ರ ಬಿಡೋ ಬಯಾಸ್ ಸೆಟ್ಟಿಂಗ್) ಆಫ್ ಮಾಡಲೇಬೇಕು. ಆಫ್ ಮಾಡಿದ ಮೇಲೆ ವಿಂಡೋಸ್ ತೆರೆದೆ, ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳ್ತು. ನಾನು ಬಿಟ್‌ಲಾಕರ್ ಹಾಕೇ ಇರಲಿಲ್ಲ, ಮೆಷಿನ್ ಬಂದಾಗಲೇ ಆನ್ ಇತ್ತು. ಕೀ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಇರುತ್ತೆ, ಆ ಅಕೌಂಟ್ ಮೆಷಿನ್ ಮಾರಿದವರ ಮಗನ ಹೆಸರಿನಲ್ಲಿ, ಅವನು ಪುಣೆಯಲ್ಲಿ. ಅವನಿಗೆ ಓಟಿಪಿ ಬರಬೇಕು, ಅವನು ನಂಬರ್ ಬದಲಾಯಿಸಿದ್ದಾನೆ. ಜಿಎಸ್‌ಟಿ ಫೈಲಿಂಗ್ ಕೊನೇ ದಿನ, ಅಂಗಡಿ ಲೆಕ್ಕ ಪೂರ್ತಿ ಅದರಲ್ಲೇ. ತಡ ಅಂತ ದಿನಕ್ಕೆ 50 ರೂಪಾಯಿ ದಂಡ ಕಟ್ಟಿದೆ. ಮತ್ತೆ ಸೆಕ್ಯೂರ್ ಬೂಟ್ ಆನ್ ಮಾಡಿದ ಮೇಲೆ ವಿಂಡೋಸ್ ತೆರೀತು, ಆದರೆ ಅದು ಹೊಳೆಯೋ ಹೊತ್ತಿಗೆ ಗಡುವು ದಾಟಿತ್ತು. ಈ ಲ್ಯಾಪ್‌ಟಾಪೂ ಅಣ್ಣಂದು. ಕೀ ಅಣ್ಣನ ಅಕೌಂಟಿನಲ್ಲಿ ಇರುತ್ತೆ. ಬೇರೆ ಏನೂ ಮುಟ್ಟೋ ಮುಂಚೆ ಅವನಿಂದ ಅದನ್ನ ಬರೆಸಿಕೊಂಡು ಕಾಗದದಲ್ಲಿ ಇಟ್ಕೋ.

ಡಾಂಗಲ್ ದಾವಣಗೆರೆ
ಇಷ್ಟೆಲ್ಲ ಮಾಡಿ ಕನ್ನಡ ಬರುತ್ತಾ ಅದರಲ್ಲಿ?

ಹಳೇ ಅಡ್ಮಿನ್, ಬೆಂಗಳೂರು
ಯಾಕೆ ಬರಲ್ಲ? ಈ ಉತ್ತರವನ್ನ ಅಲ್ಲಿಂದಲೇ ಬರೀತಿದ್ದೀನಿ. ಟೈಪ್ ಮಾಡೋಕೆ ಐಬಸ್ ಹಾಕಿ, ಜೊತೆಗೆ ಎಂ17ಎನ್ ಎಂಜಿನ್ ಹಾಕಿ, ಅದರಲ್ಲಿ ಕಗಪ ಕೀಲಿಮಣೆ ಸಿಗುತ್ತೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಏನೂ ಹೊಸದು ಅನ್ನಿಸಲ್ಲ. ನೋಟೋ ಫಾಂಟ್ ಹಾಕಿದರೆ ಒತ್ತಕ್ಷರ ಎಲ್ಲ ಸರಿಯಾಗಿ ಕೂರುತ್ತೆ.

ಮಲೆನಾಡ ಟೀಚರ್
ಕಗಪ ಬರುತ್ತೆ, ಸರಿ. ನಮ್ಮ ಶಾಲೆಯ ಹಳೇ ಪತ್ರಗಳೆಲ್ಲ ನುಡಿಯ ಹಳೇ ಫಾಂಟಿನಲ್ಲಿ ಇವೆ. ಅದನ್ನ ಇಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿ ಬರುತ್ತೆ. ಇಲಾಖೆಗೆ ಕಳಿಸೋ ಕೆಲಸ ಇರೋರು ವಿಂಡೋಸ್ ಬಿಡೋಕೆ ಆಗಲ್ಲ.

ಹಳೇ ಅಡ್ಮಿನ್, ಬೆಂಗಳೂರು
ಅದು ಓಎಸ್ ತಪ್ಪಲ್ಲ ಮೇಡಂ. ಯೂನಿಕೋಡ್ ಬಂದು ಎಷ್ಟು ವರ್ಷ ಆಯ್ತು? ಪರಿವರ್ತಕ ಇವೆ, ಒಂದು ಸಲ ಬದಲಾಯಿಸಿ ಇಟ್ಟುಕೊಳ್ಳಿ.

ಮಲೆನಾಡ ಟೀಚರ್
ನೀವು ಒಂದು ಸಲ ಕೂತು ಬದಲಾಯಿಸಿ ನೋಡಿ ಸಾರ್. ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತೆ, ಟೇಬಲ್ ಒಡೆದುಹೋಗುತ್ತೆ, ಮಕ್ಕಳ ಹೆಸರು ತಪ್ಪಾಗುತ್ತೆ. ಅಂಕಪಟ್ಟಿಯಲ್ಲಿ ಹೆಸರು ತಪ್ಪಾದರೆ ಪೋಷಕರು ನನ್ನ ಹತ್ತಿರ ಬರ್ತಾರೆ, ನಿಮ್ಮ ಹತ್ತಿರ ಅಲ್ಲ.

ಕಾರ್ಕಳದ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಮೆಮ್‌ಸ್ಟಿಕ್ ಇಮೇಜ್ ಡಿಡಿ ಮೋಡ್‌ನಲ್ಲಿ ಬರೆದೆ, ಎರರ್ 19 ಹೋಯ್ತು. ಅಣ್ಣನ ಹತ್ತಿರ ಬಿಟ್‌ಲಾಕರ್ ಕೀ ತಗೊಂಡೆ. ಆಟೋ ಯುಎಫ್‌ಎಸ್, ಪಾರ್ಟಿಷನ್ ಅಂತ ಕೊಟ್ಟೆ, ಇನ್‌ಸ್ಟಾಲ್ ಪೂರ್ತಿ ಆಯ್ತು. ಈಗ ರೀಬೂಟ್ ಮಾಡಿದರೆ ನೇರ ವಿಂಡೋಸಿಗೇ ಹೋಗುತ್ತೆ. ಫ್ರೀಬಿಎಸ್‌ಡಿ ಅಂತ ಆಯ್ಕೆಯೇ ಬರಲ್ಲ. ವೈಫೈ ಇನ್ನೂ ನೋಡಿಲ್ಲ.

ಹುಬ್ಬಳ್ಳಿ ಪಫಿ
ಇದಕ್ಕೇ ಹೇಳಿದ್ದು.

ಹಳೇ ಅಡ್ಮಿನ್, ಬೆಂಗಳೂರು
ಇದು ಲ್ಯಾಪ್‌ಟಾಪಿನ ಫರ್ಮ್‌ವೇರ್ ಗುಣ ಪಫಿ. ನಿಮ್ಮದು ಹಾಕಿದ್ದರೂ ಇದೇ ಆಗ್ತಿತ್ತು. ಯುಎಫ್‌ಎಸ್ ಹಾಕಿದ್ದು ನನಗೆ ಇಷ್ಟವಾಗಲಿಲ್ಲ, ಆದರೆ ಹೋಗಲಿ.

ಉಡುಪಿ ನೆಟ್‌ವರ್ಕ್
ಪೆನ್‌ಡ್ರೈವ್‌ನಿಂದ ಮತ್ತೆ ಬೂಟ್ ಮಾಡು, ಇನ್‌ಸ್ಟಾಲ್ ಬದಲು ಲೈವ್ ಸಿಸ್ಟಂ ತಗೋ, ರೂಟ್ ಅಂತ ಲಾಗಿನ್ ಆಗು. ಜಿಪಾರ್ಟ್ ಶೋ ಕೊಟ್ಟರೆ ಬೂಟ್ ಫೈಲುಗಳಿರೋ ಇಎಫ್‌ಐ ಪಾರ್ಟಿಷನ್ ಯಾವುದು ಅಂತ ಕಾಣುತ್ತೆ, ಅದನ್ನ ಎಂಎನ್‌ಟಿ ಮೇಲೆ ಎಂಎಸ್‌ಡಾಸ್‌ಎಫ್‌ಎಸ್ ಆಗಿ ಮೌಂಟ್ ಮಾಡು. ಅದರೊಳಗೆ ಇಎಫ್‌ಐ ಫೋಲ್ಡರ್, ಅದರೊಳಗೆ ಫ್ರೀಬಿಎಸ್‌ಡಿ ಫೋಲ್ಡರ್, ಅಲ್ಲಿ ಲೋಡರ್ ಡಾಟ್ ಇಎಫ್‌ಐ ಇದೆಯಾ ನೋಡು. ಇದ್ದರೆ ಇಎಫ್‌ಐಬೂಟ್‌ಎಂಜಿಆರ್ ಕಮಾಂಡಿನಿಂದ ಅದಕ್ಕೆ ಒಂದು ಎಂಟ್ರಿ ಮಾಡಿ ಆ್ಯಕ್ಟಿವ್ ಮಾಡು, ಅದರ ಮ್ಯಾನ್ ಪುಟದ (ಕೈಪಿಡಿ) ಕೊನೆಯಲ್ಲಿ ಉದಾಹರಣೆ ಇದೆ. ಕೆಲವು ಲ್ಯಾಪ್‌ಟಾಪ್ ಎಂಟ್ರಿಯನ್ನ ಮರೆತುಬಿಡ್ತವೆ. ಹಾಗಾದರೆ ಬಯಾಸ್‌ನಲ್ಲಿ ಫೈಲ್ ಆರಿಸಿ ಸೇರಿಸೋ ಆಯ್ಕೆ ಇದೆಯಾ ನೋಡು. ಮೈಕ್ರೋಸಾಫ್ಟ್ ಫೋಲ್ಡರ್ ಮಾತ್ರ ಮುಟ್ಟಬೇಡ.

ವೈಫೈಗೆ ಒಂದು ಮಾತು. ನಿನ್ನದು 8 ಜಿಬಿ ರ‍್ಯಾಮ್. ಆರ್‌ಟಿಡಬ್ಲ್ಯು88 ಡ್ರೈವರ್ 4 ಜಿಬಿಗಿಂತ ಜಾಸ್ತಿ ಮೆಮೊರಿ ಇದ್ದರೆ ತೊಂದರೆ ಕೊಡುತ್ತೆ. ಲೋಡರ್ ಡಾಟ್ ಕಾನ್ಫ್‌ನಲ್ಲಿ ಲಿನಕ್ಸ್‌ಕೆಪಿಐ ಎಸ್‌ಕೆಬಿ ಮೆಮ್ ಲಿಮಿಟ್ ಅನ್ನೋದನ್ನ 1 ಮಾಡಬೇಕು, ಡ್ರೈವರಿನ ಮ್ಯಾನ್ ಪುಟದಲ್ಲೇ ಬಗ್ಸ್ ಅಂತ ಇರೋ ಭಾಗದಲ್ಲಿ ಬರೆದಿದ್ದಾರೆ. ಫರ್ಮ್‌ವೇರ್ ಬೇರೆ ಇಳಿಸಬೇಕು, ಎಫ್‌ಡಬ್ಲ್ಯುಗೆಟ್ ಕಮಾಂಡ್ ಅದನ್ನ ಮಾಡುತ್ತೆ. ಅದಕ್ಕೆ ನೆಟ್ ಬೇಕಲ್ಲ, ಆಂಡ್ರಾಯ್ಡ್ ಫೋನ್ ಯುಎಸ್‌ಬಿಯಲ್ಲಿ ಸೇರಿಸಿ ಟೆದರಿಂಗ್ ಆನ್ ಮಾಡು, ಯುಇ0 ಅಂತ ನೆಟ್‌ವರ್ಕ್ ಸಾಧನ ಬರುತ್ತೆ. ಬರದಿದ್ದರೆ ಇಫ್ ಯುಆರ್‌ಎನ್‌ಡಿಐಎಸ್ ಮಾಡ್ಯೂಲ್ ಲೋಡ್ ಮಾಡು, ಆಮೇಲೆ ಐಪಿ ವಿಳಾಸ ಪಡೆಯೋಕೆ ಡಿಎಚ್‌ಕ್ಲೈಂಟ್ ಕೊಡು.

ಒಂಟಿಕೊಪ್ಪಲಿನವ, ಮೈಸೂರು
ಅದರಲ್ಲೂ ಆಗದಿದ್ದರೆ ನನ್ನ ಹತ್ತಿರ ಆ ಎಎಕ್ಸ್201 ಹಾಗೇ ಇದೆ. ನಿನ್ನದು ಇಂಟೆಲ್ ಪ್ರೊಸೆಸರಾ ಎಎಂಡಿಯಾ ಮೊದಲು ಹೇಳು. ಇಂಟೆಲ್ ಆದರೂ 10ನೇ ತಲೆಮಾರಿಗಿಂತ ಹಳೇದಾದರೆ ಬೇಡ. ಹೊಸದಾಗಿದ್ದು, ಸ್ಲಾಟ್ ಸಿಎನ್‌ವಿಐ ಹೌದು ಅಂತ ಖಾತ್ರಿಯಾದರೆ ಪೋಸ್ಟ್ ಖರ್ಚು ಕೊಟ್ಟು ತಗೋ, ಕಾರ್ಡಿಗೆ ದುಡ್ಡು ಬೇಡ.

ಡಾಂಗಲ್ ದಾವಣಗೆರೆ
499.

ಕಾರ್ಕಳದ ಹುಡುಗ
ಎಎಂಡಿ ರೈಜನ್ 5 ಅಣ್ಣಾ, ಹಾಗಾಗಿ ಕಾರ್ಡು ಬೇಡ. ಫ್ರೀಬಿಎಸ್‌ಡಿ ಫೋಲ್ಡರಿನಲ್ಲಿ ಲೋಡರ್ ಡಾಟ್ ಇಎಫ್‌ಐ ಇತ್ತು, ಎಂಟ್ರಿ ಮಾಡಿದೆ, ಈಗ ಲಾಗಿನ್ ಪ್ರಾಂಪ್ಟ್ ಬಂದಿದೆ. ಫೋನ್ ಟೆದರಿಂಗ್‌ನಲ್ಲಿ ಎಫ್‌ಡಬ್ಲ್ಯುಗೆಟ್ ಓಡ್ತಾ ಇದೆ.